ಮನೆಯ ಕಥೆ, ಜಗಲಿಯ ಕಥೆ: ನಾವೇ ಬರೆದು ನಾವೇ ಅಚ್ಚು ಹಾಕಿಸುವ ಬಗೆ

ನಮ್ಮ ಹಾವೇರಿ ಕಡೆ ಮನೆಯೊಳಗೆ ದೇವರು ಕೂತ ಜಾಗಕ್ಕೆ ಜಗಲಿ ಅನ್ನುತ್ತಾರೆ. ನಮ್ಮ ಅತ್ತೆಯ ಜಗಲಿಯ ಮೇಲೆ ಒಂದು ಹಳೆಯ ನೋಟ್‌ಬುಕ್ ಇತ್ತು. ಹಳದಿಗಟ್ಟಿದ ಹಾಳೆ, ದಾರದಿಂದ ಹೊಲಿದ ಬೆನ್ನು, ರಟ್ಟಿನ ಮೇಲೆ ವಿಭೂತಿಯ ಮೂರು ಎಳೆ. ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಅದಕ್ಕೂ ಒಂದು ಪತ್ರಿ ಏರಿಸುತ್ತಿದ್ದರು. ಮದುವೆಯಾಗಿ ಬಂದು ಹದಿನಾಲ್ಕು ವರ್ಷವಾದರೂ ಅದರಲ್ಲಿ ಏನಿದೆ ಅಂತ ನಾನು ಕೇಳಿರಲಿಲ್ಲ.

ಒಂದು ದಿನ ಗೆದ್ದಲು ಹಿಡಿದೀತು ಅಂತ ಬಿಸಿಲಿಗೆ ಇಡಲು ತೆಗೆದೆ. ಮಾವನ ಕೈಬರಹ. ಅವರ ಅವ್ವ ಹೇಳಿದ ಬೀಸುವ ಪದಗಳು, ಸೋಬಾನೆ ಪದಗಳು. ನಡುನಡುವೆ ಜೋಳದ ಲೆಕ್ಕ, ಎತ್ತು ಕೊಂಡ ದಿನ, ಯಾರಿಗೋ ಕೊಟ್ಟ ಕೈಗಡ. ಒಂದೇ ಪುಟದಲ್ಲಿ ದೇವರ ಹಾಡು, ಅದರ ಕೆಳಗೆ ಸಾಲದ ಲೆಕ್ಕ. ನಮ್ಮ ಮನೆಯ ಭಕ್ತಿ ಇದೇ ಅಲ್ವಾ ಅನ್ನಿಸಿತು. ಅವತ್ತೇ ಪುಸ್ತಕ ಮಾಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಎರಡೂವರೆ ವರ್ಷ ಹಿಡಿಯಿತು. ಕೊನೆಗೆ 112 ಪುಟದ ಪುಸ್ತಕ, 250 ಪ್ರತಿ.

ಈಗ ಪರಿಚಯದವರು ಕೇಳುತ್ತಾರೆ: ನಮ್ಮ ಅವ್ವನದೂ ಹೀಗೆ ಬರೆಯಬೇಕು, ಎಲ್ಲಿಂದ ಶುರು ಮಾಡೋದು? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಪ್ರಕಾಶಕರಿಲ್ಲದೆ, ಮನೆಗೆಲಸದ ನಡುವೆ, ಮನೆಯವರ ಬದುಕು ಮತ್ತು ನಂಬಿಕೆಯ ಬಗ್ಗೆ ಬರೆದು ತಾವೇ ಅಚ್ಚು ಹಾಕಿಸಬೇಕು ಅನ್ನುವವರಿಗೆ ಇದು.

ಒಂದು ಮಾತು ಮೊದಲೇ. ಸುಮ್ನೆ ಪುಸ್ತಕದ ಹುಚ್ಚು ಅಂತ ಯಾರಾದರೂ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ವಚನಗಳ ಕಟ್ಟು ಎಷ್ಟೋ ಮನೆಗಳಲ್ಲಿ ಜಗಲಿಯ ಮೇಲೆ ಪೂಜೆಗೆ ಕೂತಿದ್ದವು. ಓದುವವರು ಇರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ತಾಡೋಲೆಗಳನ್ನು ಕೂಡಿಸಿದರು, ಓದಿದರು, ಅಚ್ಚು ಹಾಕಿಸಿದರು. ಇದ್ದ ಮನೆ ಮಾರಿ 1925ರಲ್ಲಿ ಸ್ವಂತ ಮುದ್ರಣಾಲಯ ತೆರೆದರು. ಮರುವರ್ಷ ಪತ್ರಿಕೆಯನ್ನೂ ಶುರು ಮಾಡಿದರು. ನಾವು ಮನೆ ಮಾರಬೇಕಿಲ್ಲ. ಪೂಜೆಗೆ ಇಟ್ಟಿದ್ದನ್ನು ಓದಲು ಕೆಳಗಿಳಿಸಿದರೆ ಸಾಕು. ಅದೂ ಅದರ ಅರ್ಥ ಹೇಳಬಲ್ಲವರು ಬದುಕಿರುವಾಗಲೇ.

ಹೆಜ್ಜೆ 1: ಕೇಳಿಸಿಕೊಳ್ಳಿ, ಕೈಗೆ ಕೆಲಸವಿರುವಾಗ

ಬರೆಯೋದು ಆಮೇಲೆ. ಮೊದಲು ಕೇಳಬೇಕು. ಇದರಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿ, ಮುಂದೆ ಫೋನ್ ಇಟ್ಟು, "ಅತ್ತಿ, ನಿಮ್ಮ ಭಕ್ತಿ ಬಗ್ಗೆ ಹೇಳ್ರಿ" ಅಂದೆ. ಅವರು ಸೆರಗು ಸರಿ ಮಾಡಿಕೊಂಡು, ಪುರಾಣ ಹೇಳುವ ಅಯ್ಯನವರ ಹಾಗೆ ನಾಲ್ಕು ಮಾತು ಹೇಳಿದರು. ಆಮೇಲೆ ಸುಮ್ಮನಾದರು. "ಮತ್ತೇನ ಹೇಳ್ಲಿ ತಂಗಿ, ಎಲ್ಲಾರ ಮನ್ಯಾಗ ಇದ್ದಂಗ ನಮ್ಮ ಮನ್ಯಾಗೂ ಐತಿ" ಅಂದರು.

ಮರುವಾರ ಅವರು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ ಕೂತೆ. ಫೋನ್ ಕಿಟಕಿಯ ಕಟ್ಟೆಯ ಮೇಲೆ. ಏನೂ ಕೇಳಲಿಲ್ಲ. "ಈ ಕೊಣಮಿಗಿ ಯಾರದ್ರಿ?" ಅಂದೆ, ಅಷ್ಟೇ. ಕೊಣಮಿಗೆ ಅಂದರೆ ಹಿಟ್ಟು ನಾದುವ ಪಾತ್ರೆ. ಅವರ ಅತ್ತೆ ತವರಿನಿಂದ ತಂದದ್ದು ಅದು. ಅಲ್ಲಿಂದ ಬರಗಾಲ ಬಂತು, ಗಂಜಿ ಬಂತು, ಒಲೆ ಹೊತ್ತಿಸುವ ಮೊದಲು ಅವರ ಅತ್ತೆ ಬೂದಿಗೆ ಕೈ ಮುಗಿಯುತ್ತಿದ್ದದ್ದು ಬಂತು. ನಲವತ್ತು ನಿಮಿಷ. ಹಿನ್ನೆಲೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಆ ರೆಕಾರ್ಡಿಂಗ್ ಈಗ ನನ್ನ ಹತ್ತಿರ ಇರುವ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಹಾಗಾಗಿ: ಹಿರಿಯರ ಕೈಗೆ ಕೆಲಸ ಇರುವ ಹೊತ್ತು ನೋಡಿ. ಕಾಳು ಹಸನು ಮಾಡುವಾಗ, ಬತ್ತಿ ಹೊಸೆಯುವಾಗ, ಹೂ ಕಟ್ಟುವಾಗ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಮೊದಲೇ ಹೇಳಿ. ಕದ್ದು ಮಾಡಬೇಡಿ. ಹೇಳಿದ ಐದು ನಿಮಿಷಕ್ಕೆ ಅವರು ಫೋನನ್ನು ಮರೆತಿರುತ್ತಾರೆ. ಪ್ರಶ್ನೆ ವಸ್ತುವಿನ ಬಗ್ಗೆ ಇರಲಿ, ಭಾವನೆಯ ಬಗ್ಗೆ ಬೇಡ. "ನಿಮಗೆ ದೇವರ ಮೇಲೆ ನಂಬಿಕೆ ಹೇಗೆ ಬಂತು?" ಅಂದರೆ ಉತ್ತರ ಸಿಗುವುದಿಲ್ಲ. "ಈ ಗಂಟೆ ಯಾರು ತಂದರು? ಇದರ ನಾಲಗೆ ಯಾಕೆ ಇಲ್ಲ?" ಅಂದರೆ ಸಿಗುತ್ತದೆ.

ಪ್ರತಿ ರೆಕಾರ್ಡಿಂಗ್‌ಗೆ ಅವತ್ತೇ ಹೆಸರು ಕೊಡಿ: ದಿನಾಂಕ, ಯಾರು, ಯಾವ ವಿಷಯ. ನಾನು ಮೊದಲ ಎರಡು ತಿಂಗಳು ಕೊಡಲಿಲ್ಲ. ಆಮೇಲೆ ಒಂದು ಮಾತು ಹುಡುಕಲು ಹದಿನೆಂಟು ರೆಕಾರ್ಡಿಂಗ್ ಕೇಳಬೇಕಾಯಿತು. ಇನ್ನೊಂದು ಫೋನಿಗೋ ಪೆನ್‌ಡ್ರೈವಿಗೋ ನಕಲು ಹಾಕಿಡಿ.

ಮನೆ ಯಾವ ಧರ್ಮದ್ದೇ ಆಗಲಿ, ದಾರಿ ಇದೇ. ಮಂಗಳೂರು ಕಡೆಯ ಕ್ರೈಸ್ತರ ಮನೆಯಾದರೆ ಸೆಪ್ಟೆಂಬರ್ 8ರ ತೆನೆ ಹಬ್ಬದ ದಿನ ಹೊಸ ತೆನೆಯ ಕಾಳನ್ನು ಊಟದಲ್ಲಿ ಹೇಗೆ ಹಂಚಿದರು, ದೂರದಲ್ಲಿರುವ ಮಗನ ಪಾಲಿಗೆ ಏನು ಮಾಡಿದರು ಅಂತ ಕೇಳಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಹರಂ ಅಲಾಯಿ ದೇವರನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಕೂರಿಸುತ್ತಾರೆ. ಆ ದಿನ ನಿಮ್ಮ ಮನೆಯಿಂದ ಏನು ಹೋಗುತ್ತಿತ್ತು, ಯಾರು ಒಯ್ಯುತ್ತಿದ್ದರು ಅಂತ ಕೇಳಿ. ಹಬ್ಬದ ವಿವರ ಎಲ್ಲ ಕಡೆ ಸಿಗುತ್ತದೆ. ನಿಮ್ಮ ಮನೆಯ ವಿವರ ನಿಮ್ಮ ಮನೆಯಲ್ಲಿ ಮಾತ್ರ ಸಿಗುತ್ತದೆ.

ಹೆಜ್ಜೆ 2: ದಿನಕ್ಕೆ ಒಂದು ಹೊತ್ತು, ಒಂದು ಜಾಗ

ಹೆಂಗಸರಿಗೆ ಇದೇ ಕಷ್ಟ. ಬರೆಯಲು ಕೂತರೆ ಹಾಲು ಉಕ್ಕುತ್ತದೆ, ಬಾಗಿಲು ಬಡಿಯುತ್ತದೆ, ಮಗಳಿಗೆ ಗಣಿತ ಬರುವುದಿಲ್ಲ. ನಾನು ಬೆಳಗಿನ ಜಾವ ಪ್ರಯತ್ನಿಸಿದೆ, ಆಗಲಿಲ್ಲ. ರಾತ್ರಿ ಕಣ್ಣು ಮುಚ್ಚುತ್ತಿತ್ತು. ಕೊನೆಗೆ ಸಿಕ್ಕಿದ್ದು ಮಧ್ಯಾಹ್ನ ಮೂರರಿಂದ ಮೂರೂವರೆ. ಭಾಂಡೆ ತೊಳೆದಾಗಿರುತ್ತದೆ, ಮಕ್ಕಳು ಶಾಲೆಯಿಂದ ಬಂದಿರುವುದಿಲ್ಲ. ಆ ಅರ್ಧ ತಾಸು ನನ್ನದು ಅಂತ ಮನೆಯಲ್ಲಿ ಎಲ್ಲರ ಎದುರಿಗೆ ಹೇಳಿದೆ. ಹೇಳೋದು ಮುಖ್ಯ. ಹೇಳದೆ ಇದ್ದರೆ ನೀವು ಸುಮ್ನೆ ಕೂತಿದ್ದೀರಿ ಅಂತಲೇ ತಿಳಿಯುತ್ತಾರೆ.

ದಿನಕ್ಕೆ ಒಂದು ಪುಟ. ಜಾಸ್ತಿ ಬೇಡ. ವಾರದಲ್ಲಿ ಐದು ದಿನ ಬರೆದರೆ ಐದಾರು ತಿಂಗಳಲ್ಲಿ ನೂರು ಪುಟ ದಾಟುತ್ತದೆ. ಹಬ್ಬ, ಮದುವೆ, ಜ್ವರ ಎಲ್ಲ ಸೇರಿ ನನಗೆ ಹನ್ನೊಂದು ತಿಂಗಳಾಯಿತು. ಟೈಪ್ ಮಾಡಲು ಬಾರದಿದ್ದರೆ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತನ್ನು ಅದು ಅಲ್ಲಲ್ಲಿ ತಪ್ಪಾಗಿ ಹಿಡಿಯುತ್ತದೆ. ಅವತ್ತಿನದನ್ನು ಅವತ್ತೇ ತಿದ್ದಿ.

ಎಲ್ಲಿಂದ ಶುರು ಮಾಡಬೇಕು? ಹುಟ್ಟಿನಿಂದ ಬೇಡ. ವಂಶವೃಕ್ಷದಿಂದ ಬೇಡವೇ ಬೇಡ. ನಿಮಗೆ ತುಂಬಾ ಚೆನ್ನಾಗಿ ನೆನಪಿರುವ ಒಂದು ದಿನದಿಂದ ಶುರು ಮಾಡಿ.

ಹೆಜ್ಜೆ 3: ನಂಬಿಕೆಯನ್ನು ಬರೆಯುವಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಹಳ ಜನ ಎಡವುವುದು ಇಲ್ಲೇ. ಮನೆಯ ಬಗ್ಗೆ ಬರೆಯುವಾಗ ಚೆನ್ನಾಗಿಯೇ ಬರೆಯುತ್ತಾರೆ. ದೇವರ ಮಾತು ಬಂತೆಂದರೆ ಭಾಷೆಯೇ ಬದಲಾಗುತ್ತದೆ. ದೊಡ್ಡ ದೊಡ್ಡ ಪದಗಳು ಬರುತ್ತವೆ. ಅತ್ತೆ ಕಾಣೆಯಾಗುತ್ತಾರೆ, ಪ್ರವಚನ ಉಳಿಯುತ್ತದೆ.

ನನ್ನ ಮೊದಲ ಕರಡಿನಲ್ಲಿ "ಅತ್ತೆಯವರು ಪರಮ ಶಿವಭಕ್ತೆ" ಅಂತ ಒಂದು ಸಾಲಿತ್ತು. ಅದನ್ನು ತೆಗೆದು ಅವರು ಮಾಡುತ್ತಿದ್ದ ಕೆಲಸ ಬರೆದೆ. ಸೋಮವಾರ ಎತ್ತು ಹೂಡಬಾರದು ಅನ್ನುವುದು ನಮ್ಮ ಕಡೆಯ ರೂಢಿ. ಬಸವಣ್ಣನಿಗೆ ಅವತ್ತು ಬಿಡುವು. ಒಂದು ವರ್ಷ ಬಿತ್ತನೆಗೆ ಹದ ಬಂದದ್ದು ಸೋಮವಾರವೇ. ಮರುದಿನ ಮಳೆ ಹಿಡಿದರೆ ಹೊಲಕ್ಕೆ ಕಾಲಿಡಲು ಆಗುವುದಿಲ್ಲ. ಮಾವ ಹೂಡುತ್ತೇನೆ ಅಂದರು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಕೂತುಬಿಟ್ಟರು. ಜಗಳ ಆಯಿತು, ಮಾತು ಬಿಟ್ಟರು. ಮಂಗಳವಾರ ಮಳೆ ಬರಲಿಲ್ಲ, ಬಿತ್ತಿದರು. ಇದನ್ನು ಹೇಳುವಾಗ ಅತ್ತೆ "ಮಳಿ ಬಂದಿದ್ರ ನಾ ಏನ್ ಮಾಡ್ತಿದ್ನೋ ಗೊತ್ತಿಲ್ಲ" ಅಂದರು. ಆ ಮಾತನ್ನು ಹಾಗೇ ಇಟ್ಟೆ. ಪುಸ್ತಕ ಓದಿದವರು ನನ್ನ ಹತ್ತಿರ ಜಾಸ್ತಿ ಮಾತಾಡಿದ್ದು ಈ ಪುಟದ ಬಗ್ಗೆಯೇ.

ಅನುಮಾನವನ್ನೂ ಬರೆಯಿರಿ. ಹರಕೆ ಹೊತ್ತರೂ ಮಗು ಉಳಿಯದ ಕಥೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದನ್ನು ಬಿಟ್ಟು ಹರಕೆ ಫಲಿಸಿದ ಕಥೆ ಮಾತ್ರ ಬರೆದರೆ ಆ ಅವ್ವನಿಗೆ ಅನ್ಯಾಯ ಮಾಡಿದ ಹಾಗೆ. ಆಮೇಲೂ ಅವಳು ದೀಪ ಹಚ್ಚಿದಳೋ ಇಲ್ಲವೋ, ಹಚ್ಚಿದರೆ ಎಷ್ಟು ದಿನದ ಮೇಲೆ, ಅದನ್ನು ಬರೆಯಿರಿ. ನೀವಾಗಿ ಅರ್ಥ ಹಚ್ಚಬೇಡಿ.

ಬೇರೆ ಧರ್ಮದ, ಬೇರೆ ಜಾತಿಯ ಪದ್ಧತಿಯನ್ನು ಕೀಳಾಗಿ ಕಾಣುವ ಮಾತು ಹಿರಿಯರ ಬಾಯಲ್ಲಿ ಬರಬಹುದು. ನಮ್ಮ ರೆಕಾರ್ಡಿಂಗಿನಲ್ಲೂ ಇತ್ತು. ಯಾರನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದರು ಅನ್ನುವ ಮಾತು. ಅದನ್ನು ಬಿಡಲಿಲ್ಲ, ಸಿಂಗರಿಸಲೂ ಇಲ್ಲ. ಆಗಿದ್ದನ್ನು ಆಗಿದ್ದ ಹಾಗೆ ಬರೆದು, ಇದು ತಪ್ಪು ಅಂತ ನನ್ನ ಮಾತಿನಲ್ಲಿ ಒಂದು ಸಾಲು ಸೇರಿಸಿದೆ. ಅತ್ತೆಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. "ಖರೆ ಐತಿ, ಇರ್ಲಿ" ಅಂದರು.

ವಚನ, ಕೀರ್ತನೆ, ತತ್ವಪದ ಬಳಸುವಾಗ ನೆನಪಿನಿಂದ ಬರೆಯಬೇಡಿ. ಒಳ್ಳೆಯ ಸಂಪಾದಿತ ಪುಸ್ತಕ ಇಟ್ಟುಕೊಂಡು ತಾಳೆ ನೋಡಿ. ಆದರೆ ನಿಮ್ಮ ಮನೆಯವರು ಹಾಡುವ ಪಾಠ ಬೇರೆ ಇದ್ದರೆ ಅದನ್ನು ಅಳಿಸಬೇಡಿ. "ನಮ್ಮ ಮನೆಯಲ್ಲಿ ಹೀಗೆ ಹಾಡುತ್ತಾರೆ" ಅಂತ ಬರೆದು ಹಾಗೇ ಹಾಕಿ. ಅದೇ ನಿಮ್ಮ ಪುಸ್ತಕದ ಬೆಲೆ. ಹಳೆಯ ವಚನಕ್ಕೆ, ಜನಪದ ಹಾಡಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಇತ್ತೀಚಿನ ಕವಿಗಳದ್ದು ಬೇರೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸಿನಿಮಾ ಹಾಡಿನ ಸಾಲುಗಳನ್ನು ದೂರ ಇಡಿ. ಹಳೆಯ ಪತ್ರಗಳ ವಿಷಯವೂ ಗೊತ್ತಿರಲಿ. ನಿಮ್ಮ ಪೆಟ್ಟಿಗೆಯಲ್ಲಿದ್ದರೂ ಪತ್ರದ ಬರಹದ ಹಕ್ಕು ಬರೆದವರದ್ದು, ಅವರಿಲ್ಲದಿದ್ದರೆ ಅವರ ವಾರಸುದಾರರದ್ದು. ಕೇಳಿ ಹಾಕಿ.

ಹೆಜ್ಜೆ 4: ಮನೆಯವರ ಒಪ್ಪಿಗೆ

ನಮ್ಮ ಪುಸ್ತಕ ನಿಂತುಹೋಗುವ ಹಂತಕ್ಕೆ ಬಂದಿದ್ದು ಇಲ್ಲಿ.

ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ, ಇಷ್ಟಲಿಂಗ ಅದರೊಳಗೆ. ಒಂದು ವರ್ಷ ದೊಡ್ಡ ಮಗನ ಕಾಲೇಜಿನ ಫೀಗೆ ದುಡ್ಡಿರಲಿಲ್ಲ. ಅತ್ತೆ ಕರಡಿಗೆ ಒತ್ತೆ ಇಟ್ಟರು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಆರು ವರ್ಷ ಹಾಗೇ ಇದ್ದರು. ಕೇಳಿದವರಿಗೆ ಬೆಳ್ಳಿ ಚುಚ್ಚುತ್ತದೆ ಅಂದರಂತೆ. ಇದನ್ನು ನನಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ವಸ್ತ್ರವನ್ನು ದಿನಾ ಹೇಗೆ ಒಗೆದು, ಹೇಗೆ ಒಣಗಿಸುತ್ತಿದ್ದರು ಅಂತ ವಿವರವಾಗಿ ಹೇಳಿದರು. ಇದ್ದದ್ದು ಎರಡು ವಸ್ತ್ರ. ಒಂದು ಒಣಗುವಾಗ ಇನ್ನೊಂದು.

ನಾನು ಬರೆದೆ. ನಮ್ಮ ಭಾವ ಓದಿದರು. ಈಗ ಅವರಿಗೆ ಒಳ್ಳೆಯ ನೌಕರಿ, ಊರಲ್ಲಿ ಮರ್ಯಾದೆ. "ಇದನ್ನ ಅಚ್ಚು ಹಾಕಿಸಬ್ಯಾಡವಾ" ಅಂದು ಎದ್ದು ಹೋದರು. ಮೂರು ತಿಂಗಳು ಆ ಮಾತೇ ಎತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅತ್ತೆಯೇ ಹೇಳಿದ್ದಾರಲ್ಲ, ಇವರದ್ದೇನು ಅನ್ನಿಸಿತ್ತು. ಆಮೇಲೆ ಯೋಚಿಸಿದರೆ, ಅದು ಅವರ ಕಥೆಯೂ ಹೌದು. ಅವ್ವನ ಕೊರಳು ನೋಡುತ್ತಾ ಆರು ವರ್ಷ ಓದಿದ ಹುಡುಗ ಅವರು.

ಶ್ರಾವಣದಲ್ಲಿ ಊರಿಗೆ ಬಂದಾಗ ಆ ನಾಲ್ಕು ಪುಟವನ್ನು ಅವರ ಕೈಗೇ ಕೊಟ್ಟು ಪೆನ್ನನ್ನೂ ಕೊಟ್ಟೆ. "ಭಾವ, ಯಾವುದು ಬ್ಯಾಡೋ ಅದನ್ನ ನೀವ ಹೊಡದ ಹಾಕ್ರಿ" ಅಂದೆ. ರಾತ್ರಿ ಇಟ್ಟುಕೊಂಡರು. ಬೆಳಿಗ್ಗೆ ಕೊಟ್ಟಾಗ ಒತ್ತೆ ಇಟ್ಟುಕೊಂಡವರ ಹೆಸರನ್ನು ಮಾತ್ರ ಹೊಡೆದಿದ್ದರು. ಕೆಳಗೆ ಮೂರು ಸಾಲು ಸೇರಿಸಿದ್ದರು: ಮೊದಲ ಸಂಬಳದಲ್ಲಿ ಕರಡಿಗೆ ಬಿಡಿಸಿ ತಂದದ್ದು, ಅವತ್ತು ಅವ್ವ ಅದನ್ನು ಹಾಕಿಕೊಳ್ಳದೆ ಎರಡು ದಿನ ಜಗಲಿಯ ಮೇಲೆ ಇಟ್ಟದ್ದು. ಇದು ನನಗೆ ಗೊತ್ತೇ ಇರಲಿಲ್ಲ.

ಇದರಿಂದ ನಾನು ಇಟ್ಟುಕೊಂಡ ಕ್ರಮ ಹೀಗೆ. ಹೆಸರು ಬಂದ ಪ್ರತಿಯೊಬ್ಬರಿಗೂ ಅವರ ಭಾಗವನ್ನು ಕಾಗದದ ಮೇಲೆ ತೋರಿಸಿ. ಫೋನಿನಲ್ಲಿ ಕಳಿಸಬೇಡಿ, ಅದು ಎಲ್ಲಿಗೆಲ್ಲಾ ಹೋಗುತ್ತದೋ ಹೇಳಲಾಗದು. ಓದಲು ಬಾರದವರಿಗೆ ಓದಿ ಹೇಳಿ, ಒಬ್ಬರೇ ಇರುವಾಗ. ಉತ್ತರಕ್ಕೆ ಅವಸರ ಮಾಡಬೇಡಿ. ಬೇಡ ಅಂದರೆ ಯಾವ ಸಾಲು ಬೇಡ ಅಂತ ಕೇಳಿ. ಇಡೀ ಕಥೆ ಬೇಡ ಅನ್ನುವವರು ಕಡಿಮೆ. ಯಾವುದೋ ಒಂದು ಹೆಸರು, ಒಂದು ಮಾತು ಚುಚ್ಚಿರುತ್ತದೆ. ಆಸ್ತಿ ಪಾಲು, ಕಾಯಿಲೆ, ಮುರಿದ ಮದುವೆ, ಇವು ಬದುಕಿರುವವರಿಗೆ ಸಂಬಂಧಪಟ್ಟಿದ್ದರೆ ಒಪ್ಪಿಗೆಯಿಲ್ಲದೆ ಹಾಕಲೇಬೇಡಿ. ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ನಮ್ಮ ಮಗಳ ಬಗ್ಗೆ ಬರೆದ ಒಂದು ಪುಟ ನನಗೆ ತುಂಬಾ ಹಿಡಿಸಿತ್ತು. ಅವಳು ತಲೆ ಅಲ್ಲಾಡಿಸಿದಳು. ತೆಗೆದೆ.

ಹೆಜ್ಜೆ 5: ಇಬ್ಬರಿಗೆ ಓದಲು ಕೊಡಿ

ಒಬ್ಬರು ಮನೆಯವರಲ್ಲದವರು ಇರಲಿ. ಇನ್ನೊಬ್ಬರು ಕನ್ನಡ ಚೆನ್ನಾಗಿ ಬಲ್ಲವರು, ನಿವೃತ್ತ ಮೇಷ್ಟ್ರೋ ಮೇಡಮ್ಮೋ. "ಹೇಗಿದೆ?" ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. "ಎಲ್ಲಿ ಬೇಜಾರಾಯಿತು? ಯಾರು ಯಾರಿಗೆ ಏನಾಗಬೇಕು ಅಂತ ಎಲ್ಲಿ ಗೊಂದಲ ಆಯಿತು?" ಅಂತ ಕೇಳಿ. ನನ್ನದರಲ್ಲಿ ಅತ್ತೆ, ಅತ್ತೆಯ ಅತ್ತೆ, ನಾದಿನಿ, ನೆಗೆಣ್ಣಿ ಎಲ್ಲ ಸೇರಿ ಓದುಗರಿಗೆ ತಲೆ ಕೆಟ್ಟುಹೋಗಿತ್ತು. ಮೊದಲ ಪುಟದಲ್ಲೇ ಯಾರು ಯಾರು ಅಂತ ಎಂಟು ಸಾಲಿನ ಪಟ್ಟಿ ಹಾಕಿದೆ.

ಹೆಜ್ಜೆ 6: ಟೈಪಿಂಗ್, ಪುಟ ಕಟ್ಟುವುದು, ಪ್ರೂಫ್

ನೀವು ಫೋನಿನಲ್ಲಿ ಟೈಪ್ ಮಾಡಿದ ಕನ್ನಡ ಯೂನಿಕೋಡ್, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಓದಬಲ್ಲ ಅಕ್ಷರ ವ್ಯವಸ್ಥೆ. ನಮ್ಮಲ್ಲಿ ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುವ ಎಷ್ಟೋ ಡಿಟಿಪಿ ಅಂಗಡಿಗಳು ಈಗಲೂ ‘ನುಡಿ’ ಅಥವಾ ‘ಬರಹ’ ಅನ್ನುವ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಪುಟ ಕಟ್ಟುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಹಾರಿಹೋಗಬಹುದು, ಒತ್ತಕ್ಷರ ಮುರಿಯಬಹುದು, ಅಂಕಿಗಳು ಕೆಡಬಹುದು. ಆದ್ದರಿಂದ ಕೆಲಸ ಕೊಡುವ ಮೊದಲೇ ಕೇಳಿ: ಯೂನಿಕೋಡಿನಲ್ಲೇ ಪುಟ ಕಟ್ಟುತ್ತೀರಾ? ಇಲ್ಲ ಅಂದರೆ ಬದಲಿಸಿದ ಮೇಲೆ ಇಡೀ ಪುಸ್ತಕವನ್ನು ಹೊಸದಾಗಿ ಓದಲೇಬೇಕು.

ನಾನು ಪ್ರೂಫನ್ನು, ಅಂದರೆ ಅಚ್ಚಿಗೆ ಮುಂಚೆ ತಪ್ಪು ತಿದ್ದಲು ಕೊಡುವ ಪುಟಗಳನ್ನು, ಎರಡು ಸಲ ಓದಿದ್ದೆ, ಅದೂ ಫೋನಿನ ಪರದೆಯ ಮೇಲೆ. ಕೊನೆಯ ಗಳಿಗೆಯಲ್ಲಿ ಸೇರಿಸಿದ ಅರ್ಪಣೆಯ ಪುಟವನ್ನು ನೋಡಲೇ ಇಲ್ಲ. ಪುಸ್ತಕದ ಕಟ್ಟು ಮನೆಗೆ ಬಂತು. ಬಿಚ್ಚಿ ನೋಡಿದರೆ ಅತ್ತೆಯ ಹೆಸರಿನ ಮೇಲೆ ದೊಡ್ಡ ಅಕ್ಷರದಲ್ಲಿ "ಅಪಣೆ". ಅರ್ಕಾವತ್ತು ಹೋಗಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಮರುದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ಮಗಳು ಪುಸ್ತಕ ತೆರೆಯುವುದು, ನಾನು ಸಣ್ಣ ಕಪ್ಪು ಪೆನ್ನಿನಲ್ಲಿ ಅರ್ಕಾವತ್ತು ಬರೆಯುವುದು, ಮನೆಯವರು ಶಾಯಿ ಒಣಗುವ ತನಕ ಹಿಡಿದುಕೊಳ್ಳುವುದು, ಅತ್ತೆ ಒಣಗಿದ್ದನ್ನು ಜೋಡಿಸುವುದು. 250 ಪ್ರತಿ, ಎರಡು ದಿನ.

ಹಾಗಾಗಿ ಕೊನೆಯ ಪ್ರೂಫನ್ನು ಕಾಗದದ ಮೇಲೆ ತೆಗೆಸಿ. ಅಡಿಯಲ್ಲಿ ಸ್ಕೇಲ್ ಇಟ್ಟು ಸಾಲು ಸಾಲಾಗಿ, ಗಟ್ಟಿಯಾಗಿ ಓದಿ. ಮುಖಪುಟ, ಬೆನ್ನು, ಅರ್ಪಣೆ, ಪರಿವಿಡಿಯ ಪುಟಸಂಖ್ಯೆ, ಫೋಟೋದ ಕೆಳಗಿನ ಸಾಲು, ಇವುಗಳನ್ನು ಬೇರೆಯವರಿಂದ ಓದಿಸಿ. ಒಂದೇ ಒಂದು ಅಕ್ಷರ ತಿದ್ದಿಸಿದರೂ ಆ ಪುಟವನ್ನು ಮತ್ತೆ ತರಿಸಿ ನೋಡಿ.

ಓದುವವರಲ್ಲಿ ವಯಸ್ಸಾದವರು ಜಾಸ್ತಿ ಇರುತ್ತಾರೆ. ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗ ಇರಲಿ. ಪುಟ ಉಳಿಸಲು ಹೋಗಿ ಇರುವೆ ಸಾಲಿನಂಥ ಅಕ್ಷರ ಮಾಡಿಸಬೇಡಿ.

ಹೆಜ್ಜೆ 7: ಐಎಸ್‌ಬಿಎನ್ ಮತ್ತು ಹಕ್ಕಿನ ಪುಟ

ಐಎಸ್‌ಬಿಎನ್ ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ. ಮನೆಮಂದಿಗೆ ಹಂಚಲು ಮಾತ್ರ ಅಂದರೆ ಅದು ಬೇಕಿಲ್ಲ. ಮಾರಬೇಕು, ಗ್ರಂಥಾಲಯಕ್ಕೆ ಹೋಗಬೇಕು ಅಂದರೆ ತೆಗೆದುಕೊಳ್ಳಿ. 13 ಅಂಕಿಯ ಈ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತದೆ, ಶುಲ್ಕವಿಲ್ಲ. ತಾನೇ ಪ್ರಕಟಿಸುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅಚ್ಚಿಗೆ ಕೊಡುವ ಮುಂಚೆ, ಕೈಯಲ್ಲಿ ಸಮಯ ಇಟ್ಟುಕೊಂಡು ಹಾಕಿ. ಬೇರೆಯವರ ಸಂಖ್ಯೆ ಹಾಕಿಸಿಕೊಂಡರೆ ಪ್ರಕಾಶಕರ ಜಾಗದಲ್ಲಿ ಅವರ ಹೆಸರೇ ದಾಖಲಾಗುತ್ತದೆ ಅನ್ನುವುದು ನೆನಪಿರಲಿ.

ಹಕ್ಕು ಬರೆದವರಿಗೆ ತಾನಾಗಿಯೇ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕು ಯಾರದ್ದು, ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ, ಪ್ರಕಾಶಕರ ಮತ್ತು ಮುದ್ರಕರ ಹೆಸರು ಹಾಕಿ. ಪ್ರಕಾಶನಕ್ಕೆ ನಿಮ್ಮದೇ ಹೆಸರು ಇಟ್ಟುಕೊಳ್ಳಲು ಹಿಂಜರಿಯಬೇಡಿ. ನಂಜನಗೂಡಿನ ತಿರುಮಲಾಂಬ (1887–1982) ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರು ನೂರು ವರ್ಷಕ್ಕೂ ಹಿಂದೆ ಸತೀಹಿತೈಷಿಣಿ ಅಂತ ಗ್ರಂಥಮಾಲೆ ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು, ಪತ್ರಿಕೆಯನ್ನೂ ನಡೆಸಿದರು.

ಹೆಜ್ಜೆ 8: ಅಚ್ಚಿಗೆ

ಮುದ್ರಕರು ಫಾರಂ ಲೆಕ್ಕದಲ್ಲಿ ಮಾತಾಡುತ್ತಾರೆ. ಡೆಮಿ ಅಷ್ಟದಳ ಅಳತೆಯಲ್ಲಿ, ಅಂದರೆ ಸುಮಾರು 5.5 × 8.5 ಇಂಚಿನಲ್ಲಿ, ಒಂದು ಫಾರಂ ಅಂದರೆ 16 ಪುಟ. ನನ್ನ 112 ಪುಟ ಸರಿಯಾಗಿ ಏಳು ಫಾರಂ. ಮೊದಲು 115 ಆಗಿತ್ತು. ಮೂರು ಪುಟಕ್ಕಾಗಿ ಕಾಲು ಫಾರಮ್ಮಿನ ಖರ್ಚು ಯಾಕೆ ಅಂತ ಕೂತು ಕಡಿಮೆ ಮಾಡಿದೆ. ಪುಸ್ತಕಕ್ಕೂ ಒಳ್ಳೆಯದಾಯಿತು.

ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ ಸಾಕು. ಇನ್ನೂ ತೆಳುವಾದರೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್. ನೂರು, ಇನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ ಅಗ್ಗ. ಐನೂರು, ಸಾವಿರಕ್ಕೆ ಹೋದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ಟಿನಲ್ಲಿ ಒಂದು ಪ್ರತಿಯ ಖರ್ಚು ಇಳಿಯುತ್ತದೆ. ಆ ಆಸೆಗೆ ಬಿದ್ದು ಸಾವಿರ ಹಾಕಿಸಬೇಡಿ. ಮಂಚದ ಕೆಳಗೆ ಕೂರುತ್ತವೆ. ಯಾರು ಯಾರು ಓದುತ್ತಾರೆ ಅಂತ ಹೆಸರು ಹಿಡಿದು ಪಟ್ಟಿ ಮಾಡಿ, ಅದರ ಮೇಲೆ ಐವತ್ತು ಸೇರಿಸಿ.

ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಕಾಗದ, ಬೈಂಡಿಂಗ್, ಲ್ಯಾಮಿನೇಶನ್, ಸಾಗಣೆ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಎಲ್ಲ ಪ್ರತಿ ಹಾಕುವ ಮೊದಲು ಒಂದೇ ಒಂದು ಮಾದರಿ ಪ್ರತಿ ಕೇಳಿ, ಅದನ್ನು ನಡುವೆ ಪೂರ್ತಿ ಬಿಚ್ಚಿ ಮೇಜಿನ ಮೇಲೆ ಒತ್ತಿ ನೋಡಿ. ಅಂಟು ಬಿಡುವುದಿದ್ದರೆ ಅಲ್ಲೇ ಬಿಡುತ್ತದೆ. ದಿನಾ ತೆರೆಯುವ ಹಾಡಿನ ಪುಸ್ತಕವಾದರೆ ಹೊಲಿಗೆ ಬೈಂಡಿಂಗ್ ಮಾಡಿಸಿ. ಡಿಟಿಪಿಯವರಿಂದ ಕೊನೆಯ ಪಿಡಿಎಫ್ ಮತ್ತು ಮೂಲ ಕಡತ ಎರಡನ್ನೂ ಕೇಳಿ ಇಟ್ಟುಕೊಳ್ಳಿ.

ಹೆಜ್ಜೆ 9: ಜನರ ಕೈಗೆ

ನಾವು ದೊಡ್ಡ ಬಿಡುಗಡೆ ಮಾಡಲಿಲ್ಲ. ಶ್ರಾವಣದ ಕೊನೆಯ ಸೋಮವಾರ ಬೀಗರು, ಓಣಿಯವರು ಮನೆಗೆ ಬಂದರು. ಹೋಳಿಗೆ ಮಾಡಿದ್ದೆವು. ಅತ್ತೆ ಎರಡು ಪದ ಹಾಡಿದರು. ಭಾವ ಕರಡಿಗೆಯ ಪುಟ ಓದಿದರು, ಅವರಾಗಿಯೇ. ಅವತ್ತೇ 90 ಪ್ರತಿ ಹೋದವು.

ಬೆಲೆ ಇಡಿ. ಪುಕ್ಕಟೆ ಕೊಟ್ಟಿದ್ದನ್ನು ಓದುವವರು ಕಡಿಮೆ. ಮಾರಲು ನಾಚಿಕೆ ಆಗುತ್ತದೆ, ನನಗೂ ಆಗಿತ್ತು. ಆಗ ನಮ್ಮ ಜಿಲ್ಲೆಯವರೇ ಆದ ಗಳಗನಾಥರನ್ನು (1869–1942) ನೆನೆಸಿಕೊಂಡೆ. ಅಷ್ಟು ದೊಡ್ಡ ಕಾದಂಬರಿಕಾರರು, ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮಠದ ಜಾತ್ರೆ, ಶಾಲೆಯ ಕಾರ್ಯಕ್ರಮ, ಮಹಿಳಾ ಮಂಡಳದ ಸಭೆ, ಎಲ್ಲಿ ಹೋದರೂ ಚೀಲದಲ್ಲಿ ಐದು ಪ್ರತಿ ಇರಲಿ. ಮದುವೆಯಲ್ಲಿ ಉಡಿ ತುಂಬುವಾಗ ಒಂದು ಪ್ರತಿ ಇಟ್ಟುಕೊಡುವವರೂ ಇದ್ದಾರೆ, ಅವರಿಗೆ ಹೇಳಿ. ದೂರದವರಿಗೆ ಅಂಚೆಯಲ್ಲಿ ಕಳಿಸಿ. ಪುಸ್ತಕಗಳಿಗೆ ಕಡಿಮೆ ದರದ ಸೇವೆ ಇದೆ, ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿ.

ಸಾರ್ವಜನಿಕವಾಗಿ ಪ್ರಕಟಿಸಿದ ಮೇಲೆ ಒಂದು ಕಾನೂನಿನ ಕೆಲಸವಿದೆ. 1954ರ ಕಾಯ್ದೆಯಂತೆ ಪ್ರಕಾಶಕರು 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ನಾಲ್ಕು ಪೊಟ್ಟಣ ಕಟ್ಟುವಾಗ ಮಗಳು ಕೇಳಿದಳು, "ಆಯಿ ಹಾಡು ಕೋಲ್ಕತಾಕ್ಕ ಹೋಗ್ತೈತೇನು?" ಹೌದು ಅಂದೆ. ನಿಮ್ಮ ಊರಿನ ಗ್ರಂಥಾಲಯಕ್ಕೂ, ನಿಮ್ಮ ಅವ್ವ ಓದಿದ ಶಾಲೆಗೂ ಒಂದೊಂದು ಕೊಡಿ.

ಹೆಜ್ಜೆ 10: ತಿದ್ದುಪಡಿಯ ಪ್ರತಿ

ಮೊದಲ ಪ್ರತಿಯನ್ನು ಅತ್ತೆಯ ಕೈಗೆ ಕೊಟ್ಟಾಗ ಅವರು ಅದಕ್ಕೆ ವಿಭೂತಿ ಹಚ್ಚಿ ಜಗಲಿಯ ಮೇಲೆ ಇಟ್ಟರು, ಆ ಹಳೆಯ ನೋಟ್‌ಬುಕ್ಕಿನ ಪಕ್ಕ. ಬೇಡ ಅನ್ನಲಾಗಲಿಲ್ಲ. ಆದರೆ ಸೋಮವಾರ ಪೂಜೆಯಾದ ಮೇಲೆ ಮಗಳು ಅದನ್ನು ಕೆಳಗಿಳಿಸಿ ಒಂದೊಂದು ಅಧ್ಯಾಯ ಓದಿ ಹೇಳಬೇಕು ಅಂತ ಮಾತಾಯಿತು.

ಆ ಪ್ರತಿಯ ಒಳಗೆ ಒಂದು ಪೆನ್ಸಿಲ್ ಸಿಗಿಸಿಟ್ಟಿದ್ದೇವೆ. ನೀವೂ ಒಂದು ಪ್ರತಿಯನ್ನು ತಿದ್ದಲಿಕ್ಕೆ ಅಂತಲೇ ಇಟ್ಟುಕೊಳ್ಳಿ. ಓದಿಸಿಕೊಂಡು ಕೇಳುವಾಗ ಹಿರಿಯರಿಗೆ ಬಿಟ್ಟುಹೋದದ್ದು ನೆನಪಾಗುತ್ತದೆ. ಕಳೆದ ವಾರ 43ನೇ ಪುಟಕ್ಕೆ ಬಂದಾಗ ಅತ್ತೆ ತಡೆದರು. "ಸಜ್ಜಿ ಅಲ್ಲವಾ, ಆ ವರ್ಷ ಬಿತ್ತಿದ್ದು ನವಣಿ" ಅಂದರು. ಮಗಳು ಸಜ್ಜೆ ಹೊಡೆದು ಅಂಚಿನಲ್ಲಿ ನವಣೆ ಅಂತ ಬರೆದು, ಪಕ್ಕದಲ್ಲಿ ತಾರೀಕು ಹಾಕಿದ್ದಾಳೆ.